ಬಾಳೆನಾರಿನ ಗಾಯಪಟ್ಟಿ: ಮೊಲದ ಮೇಲೆ ಪ್ರಯೋಗಿಸದೆ ಸುರಕ್ಷತೆಯನ್ನು ತೋರಿಸುವುದು ಹೇಗೆ?

ಬಾಳೆನಾರು ತಂಡ, ಹಾಸನ:

ಎಲ್ಲರಿಗೂ ನಮಸ್ಕಾರ. ನಾವು ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅಂತಿಮ ವರ್ಷದ ವಿದ್ಯಾರ್ಥಿಗಳು. ಗೊನೆ ಕಡಿದ ಮೇಲೆ ತೋಟದಲ್ಲಿಯೇ ಕೊಳೆಯಲು ಬಿಡುವ ಬಾಳೆಪಟ್ಟೆಯಿಂದ ನಾರು ತೆಗೆದು, ಅದನ್ನು ಕ್ಷಾರದಲ್ಲಿ ಬೇಯಿಸಿ ಶುದ್ಧಗೊಳಿಸಿ, ಸೀಗಡಿ ಚಿಪ್ಪಿನಿಂದ ಸಿಗುವ ಕೈಟೊಸಾನಿನ ಲೇಪ ಕೊಟ್ಟು, ಗಾಯದಿಂದ ಒಸರುವ ದ್ರವವನ್ನು ಹೀರಿಕೊಳ್ಳುವ ಪಟ್ಟಿಯೊಂದನ್ನು ಸಿದ್ಧಪಡಿಸಿದ್ದೇವೆ. ಎಷ್ಟು ಹೀರುತ್ತದೆ, ಎಷ್ಟು ಎಳೆತ ತಾಳುತ್ತದೆ, ಗಾಳಿಯಾಡುತ್ತದೆಯೇ ಎಂಬುದನ್ನೆಲ್ಲ ಕಾಲೇಜಿನಲ್ಲಿಯೇ ಅಳೆದಾಗಿದೆ. ಇನ್ನು ಉಳಿದಿರುವುದು ಜೈವಿಕ ಸುರಕ್ಷತೆಯ ಪರೀಕ್ಷೆ.

ಮೊಲದ ಬೆನ್ನಿನ ಮೇಲೆ ಕಟ್ಟಿ ನೋಡಿದ ವರದಿಯಿದ್ದರೆ ಮಾತ್ರ ಆಸ್ಪತ್ರೆಯವರು ಇದನ್ನು ಕಣ್ಣೆತ್ತಿ ನೋಡುತ್ತಾರೆ ಎಂದು ತಂಡದಲ್ಲಿ ಕೆಲವರು ಹೇಳುತ್ತಾರೆ. ಪ್ರಾಣಿಗೆ ನೋವು ಕೊಡದೆ ಅದೇ ಪ್ರಶ್ನೆಗೆ ಉತ್ತರ ಸಿಗುವುದಾದರೆ ಆ ದಾರಿಯನ್ನೇ ಹಿಡಿಯಬೇಕೆಂಬುದು ಉಳಿದವರ ಆಸೆ. ಆದರೆ ಬರಿಯ ಆಸೆಯಿಂದ ಸುರಕ್ಷತೆ ಸಾಬೀತಾಗುವುದಿಲ್ಲ ಎಂಬ ಅರಿವು ನಮಗಿದೆ. ಮೊಲವಿಲ್ಲದೆ ಯಾವ ಪರೀಕ್ಷೆಗಳನ್ನು ಮಾಡಬಹುದು, ಅವುಗಳಿಗೆ ಮಾನ್ಯತೆ ಇದೆಯೇ, ಯಾವುದಕ್ಕೆ ಇನ್ನೂ ಬದಲಿ ಇಲ್ಲ ಎಂಬುದನ್ನು ಬಲ್ಲವರು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಸಕಲೇಶಪುರದ ತಂತ್ರಜ್ಞ:

ನಾನು ಸಕಲೇಶಪುರದವನು, ವೈದ್ಯಕೀಯ ಸಾಧನಗಳನ್ನು ಪರೀಕ್ಷಿಸುವ ಬೆಂಗಳೂರಿನ ಒಂದು ಪ್ರಯೋಗಾಲಯದ ಜೀವಕೋಶ ವಿಭಾಗದಲ್ಲಿದ್ದೇನೆ. ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಪ್ರಾಣಿ ಪರೀಕ್ಷೆ ಬೇಕೋ ಬೇಡವೋ ಎಂದು ಒಟ್ಟಾರೆಯಾಗಿ ಕೇಳಿದರೆ ಯಾರೂ ಸರಿಯಾದ ಉತ್ತರ ಕೊಡಲಾರರು. ಸುರಕ್ಷತೆಯೊಳಗೆ ಹಲವು ಪ್ರಶ್ನೆಗಳಿವೆ, ಒಂದೊಂದಕ್ಕೂ ಬೇರೆ ಬೇರೆ ಪರೀಕ್ಷೆ ಇದೆ.

ಈ ಕ್ಷೇತ್ರದಲ್ಲಿ ಎಲ್ಲರೂ ಅನುಸರಿಸುವುದು ಐಎಸ್‌ಒ 10993 ಎಂಬ ಮಾನದಂಡಗಳ ಸರಣಿಯನ್ನು. ನಿಮ್ಮ ವಸ್ತು ದೇಹದ ಯಾವ ಭಾಗವನ್ನು ಎಷ್ಟು ಕಾಲ ಮುಟ್ಟಿಕೊಂಡಿರುತ್ತದೆ ಎಂದು ಅದರ ಮೊದಲ ಭಾಗ ಕೇಳುತ್ತದೆ. 24 ಗಂಟೆಯವರೆಗೆ, ಅಲ್ಲಿಂದ 30 ದಿನದವರೆಗೆ, 30 ದಿನಕ್ಕೂ ಮೇಲೆ ಎಂದು ಕಾಲವನ್ನು ಮೂರಾಗಿ ವಿಂಗಡಿಸಿದ್ದಾರೆ. ನಿಮ್ಮ ಪಟ್ಟಿಯನ್ನು ದಿನ ಬಿಟ್ಟು ದಿನ ಬದಲಾಯಿಸಿದರೂ ಒಟ್ಟು ಬಳಕೆಯನ್ನು ಲೆಕ್ಕಕ್ಕೆ ಹಿಡಿಯುವುದರಿಂದ ಅದು ಎರಡನೆಯ ಗುಂಪಿಗೆ ಬರುತ್ತದೆ. ಒಡೆದ ಚರ್ಮವನ್ನು ಮುಟ್ಟುವ ಇಂತಹ ವಸ್ತು ಜೀವಕೋಶಗಳಿಗೆ ವಿಷವೇ, ಚರ್ಮವನ್ನು ಕೆರಳಿಸುತ್ತದೆಯೇ, ಅಲರ್ಜಿ ಹುಟ್ಟಿಸುತ್ತದೆಯೇ, ಜ್ವರ ಬರಿಸುತ್ತದೆಯೇ, ರಕ್ತಕ್ಕೆ ಸೇರಿ ಮೈಗೆಲ್ಲ ಹಾನಿ ಮಾಡುತ್ತದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಬೇಕು. ವಸ್ತುವಿನಲ್ಲಿ ಏನೇನಿದೆ ಎಂಬ ರಾಸಾಯನಿಕ ಮಾಹಿತಿ ಮೊದಲು, ಆಮೇಲೆ ದೇಹದ ಹೊರಗೆ ಮಾಡುವ ಪರೀಕ್ಷೆಗಳು, ಇವೆರಡರಿಂದಲೂ ಉತ್ತರ ಸಿಗದಿದ್ದರೆ ಮಾತ್ರ ಪ್ರಾಣಿ ಎಂಬ ಕ್ರಮವನ್ನು ಮಾನದಂಡವೇ ಹಾಕಿಕೊಟ್ಟಿದೆ. ಹೀಗಾಗಿ ನಿಮ್ಮ ಆಸೆಗೂ ನಿಯಮಕ್ಕೂ ವಿರೋಧವೇನಿಲ್ಲ.

ಮೊದಲ ಪ್ರಶ್ನೆಗೆ ಪ್ರಾಣಿಯನ್ನು ಹಿಂಸಿಸಬೇಕಾಗಿಲ್ಲ. ಪಟ್ಟಿಯ ತುಂಡನ್ನು ಕೋಶಗಳನ್ನು ಬೆಳೆಸುವ ದ್ರಾವಣದಲ್ಲಿ 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 24 ಗಂಟೆ ನೆನೆಹಾಕಿ, ಇಳಿದ ಸಾರವನ್ನು ಎಲ್929 ಎಂಬ ಕೋಶಗಳ ಮೇಲೆ ಹಾಕುತ್ತೇವೆ. 1940ರ ದಶಕದಲ್ಲಿ ಒಂದು ಇಲಿಯಿಂದ ಪಡೆದ ಕೋಶಗಳ ಸಂತತಿ ಇದು; ಅಂದಿನಿಂದ ಪ್ರಯೋಗಾಲಯಗಳಲ್ಲಿಯೇ ಬೆಳೆಯುತ್ತ ಬಂದಿದೆ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯಲ್ಲಿ 96 ಗುಳಿಗಳಿರುತ್ತವೆ. ಮರುದಿನ ಅವುಗಳಿಗೆ ಎಂಟಿಟಿ ಎಂಬ ಹಳದಿ ಬಣ್ಣದ ದ್ರಾವಣ ಹಾಕಿದರೆ, ಬದುಕಿರುವ ಕೋಶಗಳು ಅದನ್ನು ನೇರಳೆ ಬಣ್ಣದ ಸಣ್ಣ ಹರಳುಗಳಾಗಿ ಮಾರ್ಪಡಿಸುತ್ತವೆ, ಕೋಶಗಳು ಸತ್ತಿರುವ ಗುಳಿಗಳು ಹಳದಿಯಾಗಿಯೇ ಉಳಿಯುತ್ತವೆ. ಹರಳುಗಳನ್ನು ಕರಗಿಸಿ 570 ನ್ಯಾನೊಮೀಟರ್ ಬೆಳಕಿನಲ್ಲಿ ಅಳೆದಾಗ, ಸಾರ ಹಾಕದ ಕೋಶಗಳಿಗೆ ಹೋಲಿಸಿದರೆ ಜೀವಂತಿಕೆ ಶೇಕಡಾ 70ಕ್ಕಿಂತ ಕೆಳಗಿಳಿದಿದ್ದರೆ ಆ ವಸ್ತು ಕೋಶಗಳಿಗೆ ವಿಷಕಾರಿ ಎಂದು 5ನೆಯ ಭಾಗ ಪರಿಗಣಿಸುತ್ತದೆ.

ನಿಮ್ಮ ತಂಡದಲ್ಲಿ ವಾದವೆದ್ದಿರುವುದು ಎರಡನೆಯ ಪ್ರಶ್ನೆಯ ಬಗ್ಗೆ. ಮೊಲದ ಪರೀಕ್ಷೆಯನ್ನು 1944ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯಲ್ಲಿದ್ದ ಜಾನ್ ಡ್ರೇಜ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದರು. ಮೊಲದ ಬೆನ್ನಿನ ಕೂದಲನ್ನು ಬೋಳಿಸಿ, ವಸ್ತುವನ್ನು ಇಟ್ಟು, ಚರ್ಮ ಎಷ್ಟು ಕೆಂಪಾಯಿತು, ಎಷ್ಟು ಊದಿತು ಎಂದು ಕಣ್ಣಿನಿಂದ ನೋಡಿ ಅಂಕ ಕೊಡುತ್ತಾರೆ. ಸಾಧನಗಳ ವಿಷಯದಲ್ಲಿ ಸಾರವನ್ನು ಒಂದೊಂದು ಜಾಗಕ್ಕೆ 0.2 ಮಿಲಿಲೀಟರಿನಂತೆ ಚರ್ಮದೊಳಗೇ ಚುಚ್ಚಿ 24, 48, 72 ಗಂಟೆಗಳಲ್ಲಿ ನೋಡುವ ಪದ್ಧತಿಯೂ ಇದೆ. ಕಣ್ಣಳತೆಯ ಅಂಕಗಳನ್ನು ಎಷ್ಟು ನಂಬಬಹುದು ಎಂಬುದಕ್ಕೆ 1971ರಲ್ಲಿಯೇ ಉತ್ತರ ಸಿಕ್ಕಿತ್ತು. ವೈಲ್ ಮತ್ತು ಸ್ಕಾಲಾ ಎಂಬ ಸಂಶೋಧಕರು ಒಂದೇ ವಸ್ತುಗಳನ್ನು ಇಪ್ಪತ್ತಕ್ಕೂ ಹೆಚ್ಚು ಪ್ರಯೋಗಾಲಯಗಳಿಗೆ ಕಳುಹಿಸಿ ಮೊಲದ ಕಣ್ಣು ಮತ್ತು ಚರ್ಮದ ಪರೀಕ್ಷೆ ಮಾಡಿಸಿದಾಗ, ಒಂದು ಕಡೆ ತೀವ್ರವಾಗಿ ಕೆರಳಿಸುತ್ತದೆ ಎನಿಸಿಕೊಂಡ ವಸ್ತು ಇನ್ನೊಂದು ಕಡೆ ಸೌಮ್ಯವೆನಿಸಿತ್ತು.

ಈಗ 2021ರಿಂದ ಐಎಸ್‌ಒ 10993ರ 23ನೆಯ ಭಾಗ ಜಾರಿಯಲ್ಲಿದೆ. ದಾನವಾಗಿ ಬಂದ ಮನುಷ್ಯ ಚರ್ಮದ ಕೋಶಗಳನ್ನು ಸೂಕ್ಷ್ಮ ರಂಧ್ರಗಳಿರುವ ಪೊರೆಯ ಮೇಲೆ, ಕೆಳಗಿನಿಂದ ಪೋಷಣೆ ಸಿಗುವಂತೆ ಮತ್ತು ಮೇಲ್ಮೈ ಗಾಳಿಗೆ ತೆರೆದಿರುವಂತೆ ಬೆಳೆಸಿದರೆ, ಅವು ಪದರ ಪದರವಾಗಿ ಜೋಡಿಕೊಂಡು ಹೊರಗಡೆ ನಮ್ಮ ಚರ್ಮದಂತೆಯೇ ಒಣಪದರವನ್ನು ಕಟ್ಟಿಕೊಳ್ಳುತ್ತವೆ. ಬೆರಳ ಉಗುರಿನಷ್ಟು ಅಗಲದ ಈ ಚರ್ಮದ ಮೇಲೆ ಪಟ್ಟಿಯ ಸಾರವನ್ನು ಹಾಕುತ್ತಾರೆ. ನೀರಿನಲ್ಲಿ ಕರಗುವ ಅಂಶಗಳಿಗಾಗಿ ಉಪ್ಪಿನ ದ್ರಾವಣದಲ್ಲಿ ಒಂದು ಸಾರ, ಎಣ್ಣೆಯಲ್ಲಿ ಕರಗುವ ಅಂಶಗಳಿಗಾಗಿ ಎಳ್ಳೆಣ್ಣೆಯಲ್ಲಿ ಇನ್ನೊಂದು. ಮಾದರಿಗೆ ತಕ್ಕಂತೆ 18 ಅಥವಾ 24 ಗಂಟೆಗಳ ನಂತರ ಅದೇ ನೇರಳೆ ಬಣ್ಣದ ಪರೀಕ್ಷೆ ಮಾಡಿ, ಜೀವಂತಿಕೆ ಶೇಕಡಾ 50ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿದರೆ ಕೆರಳಿಸುವ ವಸ್ತು ಎಂದು ತೀರ್ಮಾನಿಸುತ್ತಾರೆ. ಈ ಭಾಗದ ಪ್ರಕಾರ ಮೊಲದ ಸರದಿ ಬರುವುದು ಈ ಪರೀಕ್ಷೆ ನಿಮ್ಮ ವಸ್ತುವಿಗೆ ಹೊಂದದಿದ್ದರೆ ಮಾತ್ರ. ವರದಿಯಲ್ಲಿ ಮೊಲ ಏಕಿಲ್ಲ ಎಂದು ಯಾರಾದರೂ ಕೇಳಿದರೆ ಈ ಭಾಗವನ್ನೇ ತೋರಿಸಿ.

ವಾರ್ಡಿನ ಶುಶ್ರೂಷಾಧಿಕಾರಿ, ಹಾಸನ:

ಮೇಲಿನ ವಿವರಣೆ ಓದಿ ತಿಳಿದುಕೊಂಡೆ, ತಂತ್ರಜ್ಞರಿಗೆ ಧನ್ಯವಾದಗಳು. ಆದರೆ ಪಟ್ಟಿಯನ್ನು ಕೊನೆಗೆ ಬಿಚ್ಚುವವಳು ನಾನು, ಹಾಗಾಗಿ ನನ್ನ ಆತಂಕವನ್ನೂ ಇಲ್ಲಿ ಹೇಳಬೇಕಾಗಿದೆ. ನಮ್ಮ ವಾರ್ಡಿಗೆ ಬರುವವರಲ್ಲಿ ಸಕ್ಕರೆ ಕಾಯಿಲೆಯಿಂದ ಕಾಲು ಹುಣ್ಣಾದವರೇ ಬಹಳ. ಅರಕಲಗೂಡು, ಹೊಳೆನರಸೀಪುರದ ಕಡೆಯಿಂದ ಬರುವ ಎಷ್ಟೋ ರೈತರು ಗದ್ದೆಯಲ್ಲಿ ಚುಚ್ಚಿದ ಮುಳ್ಳನ್ನು ಗಮನಿಸಿಯೇ ಇರುವುದಿಲ್ಲ, ಏಕೆಂದರೆ ಪಾದಕ್ಕೆ ಸ್ಪರ್ಶವೇ ಇರುವುದಿಲ್ಲ. ಹುಣ್ಣಿನ ಸುತ್ತಲಿನ ಚರ್ಮ ಎಷ್ಟು ತೆಳುವಾಗಿರುತ್ತದೆಯೆಂದರೆ ಅಂಟುಪಟ್ಟಿ ತೆಗೆಯುವಾಗ ಅದರೊಡನೆ ಮೇಲ್ಪದರವೇ ಎದ್ದುಬರುವುದನ್ನು ಕಂಡಿದ್ದೇನೆ. ಉರಿಯುತ್ತಿದೆ ಎಂದು ರೋಗಿ ಹೇಳುವುದಿಲ್ಲ. ಮರುದಿನ ಪಟ್ಟಿ ಬಿಚ್ಚಿದಾಗಲೇ ಗುಳ್ಳೆಗಳು ಕಾಣುವುದು.

ತಟ್ಟೆಯಲ್ಲಿ ಬೆಳೆದ ಚರ್ಮಕ್ಕೆ ರಕ್ತ ಹರಿಯುವುದಿಲ್ಲ, ಅದಕ್ಕೆ ನರಗಳಿಲ್ಲ, ರೋಗನಿರೋಧಕ ಕೋಶಗಳಿಲ್ಲ. ನೀವು ಅಲರ್ಜಿಯ ಬಗ್ಗೆ ಇನ್ನೂ ಏನನ್ನೂ ಹೇಳಿಲ್ಲ. ರಬ್ಬರ್ ಕೈಗವಸುಗಳಿಂದ ನನ್ನ ಸಹೋದ್ಯೋಗಿಗಳ ಕೈ ಬಿರಿದಿರುವುದನ್ನು ನೋಡಿದ್ದೇನೆ. ರಬ್ಬರನ್ನು ಗಟ್ಟಿಗೊಳಿಸಲು ಸೇರಿಸುವ ಥೈಯುರಾಮ್, ಕಾರ್ಬಮೇಟ್ ರಾಸಾಯನಿಕಗಳು ಇಂತಹ ಚರ್ಮದ ಅಲರ್ಜಿಗೆ ಕಾರಣವಾಗುತ್ತವೆ ಎಂದು ನಮಗೆ ತರಬೇತಿಯಲ್ಲಿ ಹೇಳಿದ್ದರು. ಪ್ರಾಣಿಯನ್ನು ಉಳಿಸುವ ಭರದಲ್ಲಿ ಮೊದಲ ಪ್ರಯೋಗ ನಮ್ಮ ರೋಗಿಗಳ ಮೇಲೆ ನಡೆಯುವಂತಾಗಬಾರದು. ಅವರಲ್ಲಿ ಹೆಚ್ಚಿನವರಿಗೆ ಕೇಳುವ ಶಕ್ತಿಯೂ ಇಲ್ಲ.

ಸಕಲೇಶಪುರದ ತಂತ್ರಜ್ಞ:

ಮೇಡಂ, ಈ ಚರ್ಚೆಯಲ್ಲಿ ಕೇಳಲೇಬೇಕಾಗಿದ್ದ ಪ್ರಶ್ನೆಯನ್ನು ನೀವು ಕೇಳಿದ್ದೀರಿ. ಒಂದು ವಿಷಯವನ್ನು ಗಮನಿಸಿ: ಪರೀಕ್ಷೆಗೆ ಬಳಸುವ ಮೊಲವೂ ಆರೋಗ್ಯವಂತ ಎಳೆಯ ಪ್ರಾಣಿ, ಅದಕ್ಕೂ ಸಕ್ಕರೆ ಕಾಯಿಲೆ ಇರುವುದಿಲ್ಲ. ತೆಳುವಾದ, ಸ್ಪರ್ಶವಿಲ್ಲದ ಕಾಲಿನ ಚರ್ಮ ಹೇಗೆ ಸ್ಪಂದಿಸುತ್ತದೆ ಎಂಬುದನ್ನು ಆ ಪರೀಕ್ಷೆಯೂ ಎಂದೂ ಹೇಳಿಲ್ಲ. ಆ ಉತ್ತರ ಸಿಗುವುದು ನೀತಿ ಸಮಿತಿಯ ಒಪ್ಪಿಗೆ ಪಡೆದು, ರೋಗಿಗೆ ಅವನ ಭಾಷೆಯಲ್ಲಿಯೇ ವಿವರಿಸಿ, ಅವನ ಸಮ್ಮತಿಯೊಡನೆ ನಡೆಸುವ ಕ್ಲಿನಿಕಲ್ ಅಧ್ಯಯನದಲ್ಲಿ. ಮೊಲವನ್ನು ಬಳಸಿದ್ದರೂ ಆ ಹಂತ ತಪ್ಪುವುದಿಲ್ಲ.

ಅಲರ್ಜಿಯ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ. ಅಲರ್ಜಿ ಹುಟ್ಟಲು ಹಲವು ಹಂತಗಳು ಬೇಕು. ರಾಸಾಯನಿಕ ಚರ್ಮದ ಪ್ರೋಟೀನಿಗೆ ಅಂಟಿಕೊಳ್ಳಬೇಕು, ಚರ್ಮದ ಕೋಶ ಎಚ್ಚೆತ್ತುಕೊಳ್ಳಬೇಕು, ನಿರೋಧಕ ವ್ಯವಸ್ಥೆಯ ಡೆಂಡ್ರೈಟಿಕ್ ಕೋಶ ಅದನ್ನು ಗುರುತಿಸಬೇಕು, ಕೊನೆಗೆ ಟಿ ಕೋಶಗಳು ಹೆಚ್ಚಬೇಕು. ಮೊದಲ ಮೂರು ಹಂತಗಳನ್ನು ಪ್ರಾಣಿಯಿಲ್ಲದೆ ಅಳೆಯುವ ವಿಧಾನಗಳನ್ನು ಹಲವು ದೇಶಗಳ ಒಕ್ಕೂಟವಾದ ಒಇಸಿಡಿ 442ಸಿ, 442ಡಿ, 442ಇ ಎಂಬ ಮಾರ್ಗಸೂಚಿಗಳಲ್ಲಿ ಒಪ್ಪಿಕೊಂಡಿದೆ. ಮೂರರ ಫಲಿತಾಂಶಗಳನ್ನು ಜೋಡಿಸಿ ತೀರ್ಮಾನಕ್ಕೆ ಬರುವ ಕ್ರಮವನ್ನು 2021ರಲ್ಲಿ 497ನೆಯ ಮಾರ್ಗಸೂಚಿಯಾಗಿ ಹೊರತಂದಿತು. ಆದರೆ ಇವನ್ನು ಒರೆಗೆ ಹಚ್ಚಿರುವುದು ಶುದ್ಧ ರಾಸಾಯನಿಕಗಳ ಮೇಲೆ. ಗಾಯಪಟ್ಟಿಯ ಸಾರದಲ್ಲಿ ಹತ್ತಾರು ಅಂಶಗಳು ಅತ್ಯಲ್ಪ ಪ್ರಮಾಣದಲ್ಲಿ ಬೆರೆತಿರುತ್ತವೆ. ಈ ಕಾರಣದಿಂದ ಸಾಧನಗಳ ಅಲರ್ಜಿಗೆ ಸಂಬಂಧಿಸಿದ 10ನೆಯ ಭಾಗ, 2021ರ ಆವೃತ್ತಿಯಲ್ಲಿಯೂ, ಗಿನಿ ಹಂದಿ ಮತ್ತು ಇಲಿಗಳ ಪರೀಕ್ಷೆಯನ್ನೇ ಮುಖ್ಯವಾಗಿ ಉಳಿಸಿಕೊಂಡು, ಪ್ರಾಣಿರಹಿತ ವಿಧಾನಗಳನ್ನು ಅನುಬಂಧದಲ್ಲಿ ಮಾಹಿತಿಯಾಗಿ ಕೊಟ್ಟಿದೆ. ಪ್ರಾಣಿರಹಿತ ಪರೀಕ್ಷೆಯ ಪರವಾಗಿ ಮಾತನಾಡುವವರು ಇದನ್ನು ಮುಚ್ಚಿಡಬಾರದು.

ಹಾಗಾದರೆ ವಿದ್ಯಾರ್ಥಿಗಳು ಏನು ಮಾಡಬಹುದು? ಪಟ್ಟಿಯಿಂದ ಇಳಿಯುವ ಪ್ರತಿಯೊಂದು ಅಂಶವನ್ನೂ 18ನೆಯ ಭಾಗದ ಕ್ರಮದಲ್ಲಿ ಗುರುತಿಸಿ ಅಳೆದು, ಅದರ ಅಪಾಯವನ್ನು 17ನೆಯ ಭಾಗದ ಕ್ರಮದಲ್ಲಿ ತೂಗಿ ನೋಡಬಹುದು. ನಿಮ್ಮ ಪಟ್ಟಿಯಲ್ಲಿರುವುದು ಸೆಲ್ಯುಲೋಸ್, ಕೈಟೊಸಾನ್, ಅದನ್ನು ಕರಗಿಸಲು ಬಳಸಿದ ಅಸಿಟಿಕ್ ಆಮ್ಲದ ಉಳಿಕೆ, ತೊಳೆಯದೆ ಉಳಿದಿರಬಹುದಾದ ಕ್ಷಾರ ಮತ್ತು ನಾರಿನ ಚೊಗರು. ಸಂಶ್ಲೇಷಿತ ಅಂಟು, ಬಣ್ಣ, ಮೃದುಕಾರಕ ಯಾವುದನ್ನೂ ಸೇರಿಸಿಲ್ಲದಿದ್ದರೆ ಗುರುತಿಸಬೇಕಾದ ಅಂಶಗಳು ಕಡಿಮೆಯಿರುತ್ತವೆ, ವಾದವೂ ಗಟ್ಟಿಯಾಗುತ್ತದೆ. ಸೀಗಡಿಯ ಅಲರ್ಜಿಗೆ ಕಾರಣವಾಗುವ ಪ್ರೋಟೀನ್ ಕೈಟೊಸಾನಿನಲ್ಲಿ ಉಳಿದಿಲ್ಲ ಎಂಬ ದಾಖಲೆಯನ್ನು ಮಾರಾಟಗಾರರಿಂದ ಕೇಳಿ ಪಡೆಯಿರಿ.

ಬೇಲೂರಿನ ಪಶುವೈದ್ಯ:

ಪ್ರಾಣಿಗಳ ಪರವಾಗಿ ಒಂದೆರಡು ಮಾತು. ಕಾನೂನಿನ ಪ್ರಶ್ನೆ ಇಲ್ಲಿ ಯಾರ ಗಮನಕ್ಕೂ ಬಂದಂತಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 17ನೆಯ ವಿಧಿಯೇ, ಸಾಧ್ಯವಿರುವ ಕಡೆಯಲ್ಲೆಲ್ಲ ಪ್ರಾಣಿಗಳ ಮೇಲಿನ ಪ್ರಯೋಗವನ್ನು ತಪ್ಪಿಸಬೇಕು ಎನ್ನುತ್ತದೆ. 1998ರ ನಿಯಮಗಳ ಪ್ರಕಾರ ನೋಂದಾಯಿತ ಸಂಸ್ಥೆ, ಅದರ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಇಲ್ಲದೆ ಒಂದು ಮೊಲವನ್ನೂ ಪ್ರಯೋಗಕ್ಕೆ ಬಳಸುವಂತಿಲ್ಲ. ಯಾರದೋ ಮನೆಯ ಗೂಡಿನಿಂದ ಮೊಲ ತಂದು ಕಾಲೇಜಿನ ಹಿಂಬದಿಯ ಕೋಣೆಯಲ್ಲಿ ಪಟ್ಟಿ ಕಟ್ಟಿ ನೋಡುವ ಯೋಚನೆಯೇನಾದರೂ ಯಾರಿಗಾದರೂ ಇದ್ದರೆ ಅದನ್ನು ಈಗಲೇ ಬಿಡಬೇಕು. ಅದು ಅಪರಾಧ, ಅಂತಹ ವರದಿಗೆ ಬೆಲೆಯೂ ಇರುವುದಿಲ್ಲ.

ಎರಡನೆಯದಾಗಿ, ತಂತ್ರಜ್ಞರು ಹೇಳಿದ ಕೋಶಗಳ ಪರೀಕ್ಷೆಯನ್ನು ಪ್ರಾಣಿರಹಿತ ಎಂದು ಕರೆಯುವಾಗ ಒಂದು ಸಂಗತಿ ಮರೆಯಾಗುತ್ತದೆ. ಕೋಶಗಳನ್ನು ಬೆಳೆಸುವ ದ್ರಾವಣಕ್ಕೆ ಸಾಮಾನ್ಯವಾಗಿ ಹಸುವಿನ ಭ್ರೂಣದ ಸೀರಮ್ ಸೇರಿಸುತ್ತಾರೆ. ಕಸಾಯಿಖಾನೆಗೆ ಬಂದ ಹಸು ಗಬ್ಬವಾಗಿದ್ದರೆ ಅದರ ಭ್ರೂಣದ ಹೃದಯದಿಂದ ರಕ್ತ ತೆಗೆದು ಅದನ್ನು ತಯಾರಿಸುತ್ತಾರೆ. ಗಬ್ಬದ ಹಸುಗಳನ್ನು ದಿನವೂ ಕೈಯಿಂದ ಮುಟ್ಟಿ ನೋಡುವ ನನಗೆ ಇದು ಸುಲಭವಾಗಿ ಒಪ್ಪಿತವಾಗುವ ಮಾತಲ್ಲ. ಮನುಷ್ಯರ ಪ್ಲೇಟ್‌ಲೆಟ್‌ಗಳಿಂದ ತೆಗೆದ ಸಾರ, ಸೀರಮ್ ಇಲ್ಲದ ದ್ರಾವಣ ಇವೆರಡೂ ಬದಲಿಯಾಗಿ ಲಭ್ಯವಿವೆ. ಯಾವುದನ್ನು ಬಳಸುತ್ತೀರಿ ಎಂದು ಪ್ರಯೋಗಾಲಯವನ್ನು ಕೇಳುವ ಹಕ್ಕು ಗ್ರಾಹಕರಿಗಿದೆ.

ಇನ್ನೊಂದು ಸಲಹೆ. ನಮ್ಮ ಕಡೆ ಮುಳ್ಳುತಂತಿಗೆ ಸಿಕ್ಕಿ ಕೆಚ್ಚಲು, ತೊಡೆ ಹರಿದುಕೊಂಡ ಹಸುಗಳು ಚಿಕಿತ್ಸೆಗೆ ಬರುತ್ತಲೇ ಇರುತ್ತವೆ. ಕೋಶಗಳ ಪರೀಕ್ಷೆಯಲ್ಲಿ ಪಟ್ಟಿ ಸುರಕ್ಷಿತವೆಂದು ಕಂಡ ಮೇಲೆ, ನೀತಿ ಸಮಿತಿಯ ಮತ್ತು ಮಾಲೀಕರ ಒಪ್ಪಿಗೆಯಿಂದ, ಆಗಲೇ ಗಾಯಗೊಂಡಿರುವ ಪ್ರಾಣಿಗೆ ಚಿಕಿತ್ಸೆಯ ಭಾಗವಾಗಿಯೇ ಅದನ್ನು ಬಳಸಿ ನೋಡಬಹುದು. ಹೊಸದಾಗಿ ಗಾಯ ಮಾಡಿ ಪರೀಕ್ಷಿಸುವುದಕ್ಕೂ ಆಗಿರುವ ಗಾಯವನ್ನು ವಾಸಿ ಮಾಡಲು ಬಳಸುವುದಕ್ಕೂ ಅಜಗಜಾಂತರವಿದೆ. ಹಾಸನದಲ್ಲಿಯೇ ಪಶುವೈದ್ಯಕೀಯ ಕಾಲೇಜು ಇರುವುದರಿಂದ ಅಲ್ಲಿನ ಶಸ್ತ್ರಚಿಕಿತ್ಸಾ ವಿಭಾಗದವರೊಡನೆ ಮಾತನಾಡಿ ನೋಡಿ.

ಬಾಳೆನಾರು ತಂಡ, ಹಾಸನ:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ನಾವು ಋಣಿಗಳು. ಪ್ರಾಣಿಯನ್ನು ತಂದು ನಾವೇ ಪರೀಕ್ಷಿಸುವ ಯೋಚನೆ ನಮಗಿರಲಿಲ್ಲ, ಇನ್ನು ಮುಂದೆಯೂ ಇರುವುದಿಲ್ಲ.

ನಮ್ಮನ್ನು ಗೊಂದಲಕ್ಕೆ ತಳ್ಳಿರುವ ಇನ್ನೊಂದು ವಿಷಯವಿದೆ. ಆಟೋಕ್ಲೇವ್ ಮಾಡಿದ, ಅಂದರೆ ಒತ್ತಡದ ಹಬೆಯಲ್ಲಿ ಸೂಕ್ಷ್ಮಾಣುಗಳನ್ನು ಕೊಂದ, ಪಟ್ಟಿಯನ್ನು ಎಂಡೊಟಾಕ್ಸಿನ್ ಪರೀಕ್ಷೆಗೆ ಕಳುಹಿಸಿದ್ದೆವು. ಸೂಕ್ಷ್ಮಾಣುಗಳು ಬೆಳೆಯಲಿಲ್ಲ ಎಂದು ಒಂದು ವರದಿ ಹೇಳಿದರೆ, ಎಂಡೊಟಾಕ್ಸಿ‌ನ್ ಬಹಳ ಹೆಚ್ಚಾಗಿದೆ ಎಂದು ಇನ್ನೊಂದು ವರದಿ ಹೇಳುತ್ತದೆ. ಸೂಕ್ಷ್ಮಾಣುವೇ ಇಲ್ಲದ ಮೇಲೆ ಅದರ ವಿಷ ಎಲ್ಲಿಂದ ಬಂತು? ಇದನ್ನು ಮೊಲಕ್ಕೆ ಚುಚ್ಚಿ ಜ್ವರ ಬರುತ್ತದೆಯೇ ಎಂದು ನೋಡಿದರೆ ಅನುಮಾನ ಬಗೆಹರಿಯುತ್ತದೆ ಎಂದು ನಮಗೆ ಸಲಹೆ ಬಂದಿದೆ.

ಸಕಲೇಶಪುರದ ತಂತ್ರಜ್ಞ:

ಮೊಲದ ಕಡೆಗೆ ಹೋಗುವ ಮೊದಲು ಇದನ್ನು ಪೂರ್ತಿಯಾಗಿ ಓದಿ. ಬಾಳೆನಾರಿಗೆ ಈ ಪರೀಕ್ಷೆ ಮೋಸ ಮಾಡುವ ಸಾಧ್ಯತೆ ಬಹಳವಿದೆ.

ಎಂಡೊಟಾಕ್ಸಿನ್ ಎಂಬುದು ಗ್ರಾಮ್ ನೆಗೆಟಿವ್ ಬ್ಯಾಕ್ಟೀರಿಯಾಗಳ ಹೊರಪೊರೆಯ ಅಂಶ. ಆಟೋಕ್ಲೇವಿನಲ್ಲಿ ಬ್ಯಾಕ್ಟೀರಿಯಾ ಸಾಯುತ್ತದೆ, ಅದರ ಪೊರೆಯ ಚೂರುಗಳು ಹಾಗೆಯೇ ಉಳಿಯುತ್ತವೆ. ಅವುಗಳನ್ನು ನಾಶಮಾಡಲು ಗಾಜಿನ ಪಾತ್ರೆಗಳನ್ನು 250 ಡಿಗ್ರಿ ಒಣಶಾಖದಲ್ಲಿ 30 ನಿಮಿಷ ಇಡುತ್ತೇವೆ. ನಾರು ಅದನ್ನು ತಾಳುವುದಿಲ್ಲ. ಆದ್ದರಿಂದ ಎರಡೂ ವರದಿಗಳು ಏಕಕಾಲದಲ್ಲಿ ನಿಜವಾಗಿರಬಹುದು. ಬಾಳೆಪಟ್ಟೆಯನ್ನು ತೊಟ್ಟಿಯ ನೀರಿನಲ್ಲಿ ಕೊಳೆಹಾಕಿ ನಾರು ಬಿಡಿಸಿದ್ದರೆ ಆ ನೀರಿನಲ್ಲಿ ಇಂತಹ ಬ್ಯಾಕ್ಟೀರಿಯಾ ಧಾರಾಳವಾಗಿರುತ್ತದೆ.

ಹಿಂದೆ ಇದನ್ನು ಪತ್ತೆ ಮಾಡುತ್ತಿದ್ದುದು ಮೊಲದಿಂದಲೇ. ಮೂರು ಮೊಲಗಳನ್ನು ಅಲುಗಾಡದಂತೆ ಕೂರಿಸಿ, ಕಿವಿಯ ರಕ್ತನಾಳಕ್ಕೆ ದ್ರಾವಣ ಚುಚ್ಚಿ, ಗುದದ್ವಾರದಲ್ಲಿ ಉಷ್ಣಮಾಪಕವಿಟ್ಟು ಮೂರು ಗಂಟೆ ಜ್ವರ ನೋಡುತ್ತಿದ್ದರು. ಹಾರ್ಸ್‌ಶೂ ಏಡಿಯ ರಕ್ತ ಎಂಡೊಟಾಕ್ಸಿನ್ ತಾಗಿದರೆ ಹೆಪ್ಪುಗಟ್ಟುತ್ತದೆ ಎಂಬುದನ್ನು ಫ್ರೆಡರಿಕ್ ಬ್ಯಾಂಗ್ ಮತ್ತು ಜ್ಯಾಕ್ ಲೆವಿನ್ ಅವರ ಸಂಶೋಧನೆಗಳು ತೋರಿಸಿಕೊಟ್ಟವು. 1977ರಲ್ಲಿ ಎಫ್‌ಡಿಎ ಮೊಲದ ಬದಲಿಗೆ ಏಡಿಯ ರಕ್ತಕೋಶದ ಸಾರವನ್ನು, ಅಂದರೆ ಎಲ್‌ಎಎಲ್ ಪರೀಕ್ಷೆಯನ್ನು, ಒಪ್ಪಿತು. ನಿಮ್ಮ ವರದಿಯೂ ಬಹುಶಃ ಇದೇ ಪರೀಕ್ಷೆಯದ್ದು.

ಈಗ ಮುಖ್ಯ ವಿಷಯ. ಏಡಿಯ ರಕ್ತದಲ್ಲಿ ಹೆಪ್ಪುಗಟ್ಟಲು ಎರಡು ದಾರಿಗಳಿವೆ. ಫ್ಯಾಕ್ಟರ್ ಸಿ ಎಂಬುದು ಎಂಡೊಟಾಕ್ಸಿನ್ನಿಗೆ ಸ್ಪಂದಿಸುತ್ತದೆ. ಫ್ಯಾಕ್ಟರ್ ಜಿ ಎಂಬುದು ಬೀಟಾ ಗ್ಲುಕಾನ್ ಎಂಬ ಸಕ್ಕರೆಯ ಸರಪಣಿಗೆ ಸ್ಪಂದಿಸುತ್ತದೆ, ಮತ್ತು ಈ ಗ್ಲುಕಾನ್ ಶಿಲೀಂಧ್ರಗಳಲ್ಲಿಯೂ ಸೆಲ್ಯುಲೋಸ್ ವಸ್ತುಗಳಿಂದ ಇಳಿಯುವ ಸಾರದಲ್ಲಿಯೂ ಇರುತ್ತದೆ. ಸೆಲ್ಯುಲೋಸ್ ಪೊರೆಯ ಡಯಾಲಿಸಿಸ್ ಉಪಕರಣಗಳಲ್ಲಿ ಇದೇ ತಪ್ಪು ಸಂಕೇತ ಹಲವರನ್ನು ದಾರಿತಪ್ಪಿಸಿತ್ತು. ನಾಯಿ ಬೊಗಳಿದ ಮಾತ್ರಕ್ಕೆ ಬಂದವನು ಕಳ್ಳನೇ ಎನ್ನಲಾಗದು. ನಿಮ್ಮ ನಾರಿನ ವಿಷಯದಲ್ಲಿ ಬಂದಿರುವುದು ಗ್ಲುಕಾನ್ ಆಗಿರಬಹುದು. ಗ್ಲುಕಾನನ್ನು ತಡೆಯುವ ಬಫರ್ ದ್ರಾವಣ ಸೇರಿಸಿ ಪರೀಕ್ಷೆಯನ್ನು ಮತ್ತೆ ಮಾಡಿಸಿ, ಇಲ್ಲವೇ ಫ್ಯಾಕ್ಟರ್ ಸಿ ಒಂದನ್ನೇ ಪ್ರಯೋಗಾಲಯದಲ್ಲಿ ತಯಾರಿಸಿ ಬಳಸುವ ರೀಕಾಂಬಿನೆಂಟ್ ಪರೀಕ್ಷೆ ಮಾಡಿಸಿ. ಅದರಲ್ಲಿ ಫ್ಯಾಕ್ಟರ್ ಜಿ ಇಲ್ಲದಿರುವುದರಿಂದ ಗ್ಲುಕಾನ್ ಎಷ್ಟಿದ್ದರೂ ಅದು ಸುಮ್ಮನಿರುತ್ತದೆ.

ಕೈಟೊಸಾನಿನ ತೊಡಕು ಇದಕ್ಕೆ ತದ್ವಿರುದ್ಧವಾದದ್ದು. ಅದರ ಧನ ವಿದ್ಯುದಂಶ ಎಂಡೊಟಾಕ್ಸಿನ್ನನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದರಿಂದ, ಇರುವುದೂ ಕಾಣದೆ ಹೋಗಬಹುದು. ಇದಕ್ಕಾಗಿ ಗೊತ್ತಿರುವ ಪ್ರಮಾಣದ ಎಂಡೊಟಾಕ್ಸಿನ್ನನ್ನು ಮಾದರಿಗೆ ಬೇಕೆಂದೇ ಸೇರಿಸಿ ಎಷ್ಟು ಮರಳಿ ಸಿಗುತ್ತದೆ ಎಂದು ನೋಡುತ್ತೇವೆ. ಶೇಕಡಾ 50ರಿಂದ 200ರ ನಡುವೆ ಸಿಕ್ಕಿದರೆ ಮಾತ್ರ ಫಲಿತಾಂಶಕ್ಕೆ ಅರ್ಥವಿದೆ. ನಿಮ್ಮ ವರದಿಯಲ್ಲಿ ಈ ಅಂಕಿ ಇದೆಯೇ ಎಂದು ಮೊದಲು ನೋಡಿ. ಎಂಡೊಟಾಕ್ಸಿನ್ ನಿಜವಾಗಿಯೂ ಇದ್ದರೆ ಪರಿಹಾರ ತಯಾರಿಕೆಯಲ್ಲಿದೆ: ಕ್ಷಾರದಲ್ಲಿ ಬೇಯಿಸುವ ಹಂತ ಅದನ್ನು ಒಡೆಯುತ್ತದೆ, ಆದರೆ ಅದಾದ ಮೇಲೆ ನಲ್ಲಿ ನೀರಿನಲ್ಲಿ ಜಾಲಿಸಿದರೆ ಮತ್ತೆ ಸೇರಿಕೊಳ್ಳುತ್ತದೆ. ಕೊನೆಯ ತೊಳೆತಕ್ಕೆ ಪೈರೋಜನ್, ಅಂದರೆ ಜ್ವರ ಬರಿಸುವ ಅಂಶ, ಇಲ್ಲದ ನೀರೇ ಆಗಬೇಕು.

ಶ್ರವಣಬೆಳಗೊಳದ ಓದುಗ:

ಮೊಲವನ್ನು ಬಿಟ್ಟು ಏಡಿಯ ರಕ್ತ ತೆಗೆದರೆ ಅದು ಪ್ರಾಣಿರಹಿತ ಪರೀಕ್ಷೆ ಹೇಗಾಗುತ್ತದೆ? ಜೀವ ಚಿಕ್ಕದಾದ ಮಾತ್ರಕ್ಕೆ ಹಿಂಸೆ ಚಿಕ್ಕದಾಗುವುದಿಲ್ಲವಲ್ಲ. ಗೊತ್ತಿದ್ದವರು ಉತ್ತರಿಸಬೇಕು.

ಚಿಕ್ಕಮಗಳೂರಿನ ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ:

ತಮ್ಮ ಪ್ರಶ್ನೆ ಸರಿಯಾಗಿಯೇ ಇದೆ. ಹಾರ್ಸ್‌ಶೂ ಏಡಿ ನಿಜವಾಗಿ ಏಡಿಯಲ್ಲ, ಜೇಡ ಮತ್ತು ಚೇಳುಗಳ ಬಳಗಕ್ಕೆ ಹತ್ತಿರವಾದ ಜೀವಿ. ತಾಮ್ರವಿರುವ ಹೀಮೊಸಯನಿನ್ನಿನಿಂದಾಗಿ ಅದರ ರಕ್ತ ನೀಲಿಯಾಗಿರುತ್ತದೆ. ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ ಅವುಗಳನ್ನು ಹಿಡಿದು, ಒಂದಷ್ಟು ರಕ್ತ ತೆಗೆದು, ಮತ್ತೆ ಸಮುದ್ರಕ್ಕೆ ಬಿಡುತ್ತಾರೆ. ಅವುಗಳಲ್ಲಿ ಒಂದು ಪಾಲು ಸಾಯುತ್ತವೆ. ನಮ್ಮ ಒಡಿಶಾ ಮತ್ತು ಪಶ್ಚಿಮ ಬಂಗಾಳದ ತೀರಗಳಲ್ಲಿಯೂ ಎರಡು ಪ್ರಭೇದಗಳಿವೆ. ಈ ಕಾರಣದಿಂದಲೇ ತಂತ್ರಜ್ಞರು ಕೊನೆಯಲ್ಲಿ ಹೇಳಿದ ರೀಕಾಂಬಿನೆಂಟ್ ಫ್ಯಾಕ್ಟರ್ ಸಿ ಮುಖ್ಯವಾಗುತ್ತದೆ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಡಿಂಗ್ ಜಿಯಾಕ್ ಲಿಂಗ್ ಮತ್ತು ಹೊ ಬೊ ಅವರು ಏಡಿಯ ಆ ಒಂದು ಜೀನನ್ನು ಬೇರ್ಪಡಿಸಿ, ಏಡಿಯನ್ನು ಮುಟ್ಟದೆ ಆ ಪ್ರೋಟೀನನ್ನು ತಯಾರಿಸುವ ದಾರಿ ತೋರಿಸಿದರು. ಯುರೋಪಿನ ಫಾರ್ಮಾಕೊಪಿಯ, ಅಂದರೆ ಅಲ್ಲಿನ ಔಷಧ ಮಾನದಂಡಗಳ ಅಧಿಕೃತ ಗ್ರಂಥ, ಅದನ್ನು 2021ರ ಜನವರಿಯಿಂದ ಸ್ವತಂತ್ರ ಪರೀಕ್ಷೆಯಾಗಿ ಅಂಗೀಕರಿಸಿದೆ. ಹೀಗೆ ಬಾಳೆನಾರಿನ ಮಟ್ಟಿಗೆ, ಹಿಂಸೆ ಕಡಿಮೆಯಿರುವ ಪರೀಕ್ಷೆಯೇ ಹೆಚ್ಚು ನಿಖರವಾದ ಪರೀಕ್ಷೆಯೂ ಆಗಿದೆ.

ಮೊಲದ ಜ್ವರ ಪರೀಕ್ಷೆಗೆ ಇನ್ನೊಂದು ಬದಲಿಯೂ ಇದೆ. ದಾನಿಗಳ ರಕ್ತದ ಮೊನೊಸೈಟ್ ಎಂಬ ಬಿಳಿ ರಕ್ತಕೋಶಗಳಿಗೆ ಮಾದರಿಯನ್ನು ಸೇರಿಸಿದರೆ, ಜ್ವರ ಬರಿಸುವ ಅಂಶವಿದ್ದಾಗ ಅವು ಇಂಟರ್‌ಲ್ಯೂಕಿನ್-6ರಂತಹ ಸಂದೇಶವಾಹಕಗಳನ್ನು ಹೊರಬಿಡುತ್ತವೆ. ನಮಗೆ ಜ್ವರ ಬರುವುದೂ ಹೀಗೆಯೇ. ಎಂಡೊಟಾಕ್ಸಿನ್ ಅಲ್ಲದ ಅಂಶಗಳನ್ನೂ ಇದು ಹಿಡಿಯುತ್ತದೆ. 2010ರಿಂದಲೇ ಇದು ಯುರೋಪಿನ ಫಾರ್ಮಾಕೊಪಿಯದಲ್ಲಿದೆ. 2025ರ ಜುಲೈನಿಂದ ಅಲ್ಲಿ ಮೊಲದ ಪರೀಕ್ಷೆಯನ್ನು ಕೈಬಿಡಲಾಗಿದೆ. ಆದರೆ ವೈದ್ಯಕೀಯ ಸಾಧನದ ವಸ್ತುವಿನಿಂದಲೇ ಬರಬಹುದಾದ ಜ್ವರಕ್ಕೆ ಐಎಸ್‌ಒ ಮಾನದಂಡ ಇನ್ನೂ ಮೊಲವನ್ನೇ ಹೆಸರಿಸುವುದರಿಂದ, ಅಂತಹ ಕಡೆ ನಿಯಂತ್ರಕರಿಗೆ ಕಾರಣ ಸಹಿತ ಬರೆದು ಒಪ್ಪಿಸಬೇಕಾಗುತ್ತದೆ.

ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಕಪ್ಪೆಯನ್ನು ಕೊಯ್ಯದೆ ಪ್ರಾಣಿಶಾಸ್ತ್ರ ಕಲಿಸಲಾಗದು ಎಂಬ ನಂಬಿಕೆ ಗಟ್ಟಿಯಾಗಿತ್ತು. 2014ರಲ್ಲಿ ಯುಜಿಸಿ ಅಂಗಛೇದನವನ್ನು ನಿಲ್ಲಿಸುವಂತೆ ಸೂಚಿಸಿದ ಮೇಲೂ ವಿದ್ಯಾರ್ಥಿಗಳು ಕಲಿಯುವುದನ್ನು ಬಿಡಲಿಲ್ಲ. ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು ಪ್ರಾಣಿಯ ಬದಲಿಗೆ ಬೇರೆಯದನ್ನು ಬಳಸುವುದು, ಪ್ರಾಣಿಗಳ ಸಂಖ್ಯೆಯನ್ನು ಇಳಿಸುವುದು, ನೋವನ್ನು ತಗ್ಗಿಸುವುದು ಎಂಬ ಮೂರು ಸೂತ್ರಗಳನ್ನು 1959ರಲ್ಲಿಯೇ ಮುಂದಿಟ್ಟಿದ್ದರು. ಅಷ್ಟು ಹಿಂದೆ ಹೇಳಿದ ಮಾತು ಮಾನದಂಡಗಳ ಒಳಗೆ ಬರಲು ಇಷ್ಟು ಕಾಲ ಹಿಡಿಯಿತೆಂಬುದು ನನಗೆ ನಿಜವಾಗಿಯೂ ದುಃಖದ ಸಂಗತಿ.

ಮೂಡಿಗೆರೆಯ ಬೆಳೆಗಾರ:

ಬಾಳೆಪಟ್ಟೆಗೆ ಬೆಲೆ ಬಂದರೆ ನಮ್ಮಂತಹವರಿಗೂ ಒಳ್ಳೆಯದೇ, ಆದ್ದರಿಂದ ಕೇಳುತ್ತಿದ್ದೇನೆ. ಈ ಹೊಸ ಪರೀಕ್ಷೆಗಳು ನಮ್ಮ ದೇಶದಲ್ಲಿ ಸಿಗುತ್ತವೆಯೇ? ಸಿಕ್ಕಿದರೂ ವಿದ್ಯಾರ್ಥಿಗಳ ಕೈಗೆ ಎಟುಕುವಂತಿವೆಯೇ? ನಮ್ಮ ಸರ್ಕಾರ ಒಪ್ಪುತ್ತದೆಯೇ?

ಸಕಲೇಶಪುರದ ತಂತ್ರಜ್ಞ:

ಸರ್ಕಾರದ ಒಲವು ಈ ಕಡೆಗೇ ಇದೆ. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ 2014ರಲ್ಲಿ ನಿಷೇಧಿಸಿತು. ಹೊಸ ಔಷಧಗಳ ನಿಯಮಗಳಿಗೆ 2023ರಲ್ಲಿ ತಂದ ತಿದ್ದುಪಡಿ ಕೋಶಗಳ ಪರೀಕ್ಷೆ, ಅಂಗಾಂಶದ ಮಾದರಿ, ಕಂಪ್ಯೂಟರ್ ವಿಧಾನಗಳಿಗೆ ಅವಕಾಶ ಕೊಟ್ಟಿದೆ. ಗಾಯಪಟ್ಟಿಯಂತಹ ಸಾಧನಗಳಿಗೆ ಅನ್ವಯಿಸುವುದು 2017ರ ವೈದ್ಯಕೀಯ ಸಾಧನಗಳ ನಿಯಮಗಳು. ಗಾಯ ಎಷ್ಟು ಆಳದ್ದು ಎಂಬುದರ ಮೇಲೆ ಪಟ್ಟಿಯ ವರ್ಗ ಬದಲಾಗುತ್ತದೆ.

ವೆಚ್ಚದ ವಿಷಯದಲ್ಲಿ ತೊಡಕಿದೆ. ಕೋಶಗಳ ವಿಷತ್ವದ ಪರೀಕ್ಷೆಯನ್ನು ಅನೇಕ ಪ್ರಯೋಗಾಲಯಗಳು ಮಾಡುತ್ತವೆ. ಮಾನದಂಡದಲ್ಲಿ ಹೆಸರಿಸಿದ ಚರ್ಮದ ಮಾದರಿಗಳು ಬರುವುದು ವಿದೇಶಿ ತಯಾರಕರಿಂದ. ಅವು ಜೀವಂತ ಅಂಗಾಂಶಗಳಾದ್ದರಿಂದ ಸಾಗಣೆಯಲ್ಲಿ, ಸುಂಕದ ಕಟ್ಟೆಯಲ್ಲಿ ತಡವಾದರೆ ಇಡೀ ಸರಕು ವ್ಯರ್ಥವಾಗುತ್ತದೆ. ನಮ್ಮಲ್ಲಿಯೇ ಅವುಗಳನ್ನು ತಯಾರಿಸುವಂತಾಗಬೇಕು. ಸರ್ಕಾರದ ಹಣ ಮೊದಲು ಹೋಗಬೇಕಾದ ಜಾಗ ಇದು ಎಂಬುದು ನನ್ನ ಖಚಿತ ಅಭಿಪ್ರಾಯ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಜೈವವೈದ್ಯಕೀಯ ವಿಭಾಗದವರಿಗೂ ಬರೆದು ಕೇಳಿ, ವಸ್ತುಗಳ ಜೈವಿಕ ಹೊಂದಾಣಿಕೆಯ ಪರೀಕ್ಷೆಯಲ್ಲಿ ಅವರಿಗೆ ದೀರ್ಘ ಅನುಭವವಿದೆ. ಅಲ್ಲಿಯೇ ರೂಪುಗೊಂಡು 1990ರಲ್ಲಿ ಮೊದಲ ಬಾರಿಗೆ ರೋಗಿಗೆ ಅಳವಡಿಸಿದ ಹೃದಯದ ಕವಾಟವನ್ನು ಅದಕ್ಕೂ ಮೊದಲು ಕುರಿಗಳಲ್ಲಿ ಪರೀಕ್ಷಿಸಿದ್ದರು. ಬಡಿಯುವ ಹೃದಯದೊಳಗೆ ವರ್ಷಗಟ್ಟಲೆ ತೆರೆದು ಮುಚ್ಚಬೇಕಾದ ಸಾಧನಕ್ಕೆ ಇಂದಿಗೂ ತಟ್ಟೆಯ ಕೋಶಗಳು ಪೂರ್ತಿ ಉತ್ತರ ಕೊಡಲಾರವು. ಗಾಯಪಟ್ಟಿಗೆ ಆ ಮಟ್ಟದ ಪ್ರಶ್ನೆಗಳಿಲ್ಲ.

ವಾರ್ಡಿನ ಶುಶ್ರೂಷಾಧಿಕಾರಿ, ಹಾಸನ:

ನನ್ನ ಆತಂಕ ಪೂರ್ತಿ ಹೋಗಿಲ್ಲ, ಆದರೆ ಅದು ಈಗ ಸರಿಯಾದ ಜಾಗಕ್ಕೆ ಬಂದು ನಿಂತಿದೆ. ಕ್ಲಿನಿಕಲ್ ಅಧ್ಯಯನದ ಹಂತಕ್ಕೆ ಬಂದಾಗ ಕಾಲಿಗೆ ಸ್ಪರ್ಶವಿಲ್ಲದ ರೋಗಿಗಳನ್ನು ಮೊದಲ ಗುಂಪಿನಲ್ಲಿ ಸೇರಿಸಬೇಡಿ. ಪಟ್ಟಿಯನ್ನು ಎಷ್ಟು ಗಂಟೆಗೊಮ್ಮೆ ಬಿಚ್ಚಿ ನೋಡಬೇಕು ಎಂಬುದನ್ನು ತೀರ್ಮಾನಿಸುವಾಗ ಬಿಚ್ಚುವವರನ್ನೂ ಕೇಳಿ.

ಬಾಳೆನಾರು ತಂಡ, ಹಾಸನ:

ಖಂಡಿತ ಮೇಡಂ, ಯೋಜನೆಯ ಕರಡಿನಲ್ಲಿ ಈ ಎರಡು ಮಾತುಗಳನ್ನೂ ಸೇರಿಸಿದ್ದೇವೆ. ವರದಿಯನ್ನು ತೆಗೆದು ನೋಡಿದೆವು: ಎಂಡೊಟಾಕ್ಸಿನ್ ಸೇರಿಸಿ ಮರಳಿ ಪಡೆದ ಅಂಕಿ ಅದರಲ್ಲಿಲ್ಲ, ಗ್ಲುಕಾನ್ ತಡೆಯುವ ಬಫರಿನ ಉಲ್ಲೇಖವೂ ಇಲ್ಲ. ರೀಕಾಂಬಿನೆಂಟ್ ಪರೀಕ್ಷೆ ಮಾಡುವವರನ್ನು ಹುಡುಕುತ್ತಿದ್ದೇವೆ. ಕೋಶಗಳ ಪರೀಕ್ಷೆಗೆ ಪಟ್ಟಿಯನ್ನು ಕಳುಹಿಸುವ ಮುನ್ನ ನಾವು ಗಮನಿಸಬೇಕಾದದ್ದು ಇನ್ನೇನಾದರೂ ಇದೆಯೇ? ನಮ್ಮ ಪಟ್ಟಿ ಹಾಕಿದ ದ್ರವವನ್ನೆಲ್ಲ ಹೀರಿಕೊಂಡುಬಿಡುತ್ತದೆ, ಸಾರವೇ ಉಳಿಯುವುದಿಲ್ಲ.

ಸಕಲೇಶಪುರದ ತಂತ್ರಜ್ಞ:

ಅದಕ್ಕೆ ಅದೇ ಮಾನದಂಡ ಸರಣಿಯ 12ನೆಯ ಭಾಗದಲ್ಲಿ ದಾರಿಯಿದೆ. 0.1 ಗ್ರಾಂ ಪಟ್ಟಿ ಎಷ್ಟು ದ್ರವ ಹೀರುತ್ತದೆ ಎಂದು ಮೊದಲು ಅಳೆದು, ಅಷ್ಟನ್ನು ನಿಗದಿತ ಪ್ರಮಾಣಕ್ಕೆ ಹೆಚ್ಚುವರಿಯಾಗಿ ಸೇರಿಸಬೇಕು. ಹೀರಿಕೆಯ ಅಂಕಿ ನಿಮ್ಮ ಬಳಿಯಲ್ಲಿಯೇ ಇರುವುದರಿಂದ ಅದನ್ನು ಮಾದರಿಯೊಡನೆ ಬರೆದು ಕಳುಹಿಸಿ.

ಇನ್ನೆರಡು ವಿಷಯ. ಲೇಪದಲ್ಲಿ ಅಸಿಟಿಕ್ ಆಮ್ಲ ಉಳಿದಿದ್ದರೆ ಕೋಶಗಳು ಹುಳಿಗೇ ಸಾಯುತ್ತವೆ, ಕೈಟೊಸಾನಿನ ಮೇಲೆ ಅನ್ಯಾಯವಾಗಿ ಆರೋಪ ಬರುತ್ತದೆ. ಸಾರದ ಪಿಎಚ್ ಅಳೆದು, ಸರಿಯಿಲ್ಲದಿದ್ದರೆ ಪಟ್ಟಿಯನ್ನೇ ಮತ್ತೆ ತೊಳೆಯಿರಿ. ಸಾರದ ಪಿಎಚ್ ಅನ್ನು ಆಮೇಲೆ ಸರಿಪಡಿಸಿ ಪರೀಕ್ಷಿಸಿದರೆ ರೋಗಿಯ ಗಾಯದ ಮೇಲೆ ಆಗುವುದು ವರದಿಯಲ್ಲಿ ಕಾಣುವುದಿಲ್ಲ. ಎರಡನೆಯದು ಚೊಗರು. ಚೊಗರಿಗೆ ಕಾರಣವಾದ ಬಾಳೆನಾರಿನ ಪಾಲಿಫಿನಾಲ್‌ಗಳು ಕೋಶಗಳ ನೆರವಿಲ್ಲದೆ ತಾವೇ ಎಂಟಿಟಿಯನ್ನು ನೇರಳೆಗೆ ತಿರುಗಿಸಬಲ್ಲವು. ಆಗ ಸತ್ತ ಕೋಶಗಳೂ ಬದುಕಿವೆ ಎಂಬ ಫಲಿತಾಂಶ ಬರುತ್ತದೆ, ಮತ್ತು ಇದು ರೋಗಿಗೆ ಅಪಾಯಕಾರಿಯಾದ ದಿಕ್ಕಿನ ತಪ್ಪು. ಕೋಶಗಳಿಲ್ಲದ ಗುಳಿಗಳಲ್ಲಿಯೂ ಸಾರವನ್ನು ಎಂಟಿಟಿಯೊಡನೆ ಇಟ್ಟು ಅಳೆಯುವಂತೆ, ಸಾಧ್ಯವಾದರೆ ನ್ಯೂಟ್ರಲ್ ರೆಡ್ ಎಂಬ ಇನ್ನೊಂದು ಬಣ್ಣದ ವಿಧಾನದಿಂದಲೂ ಒಮ್ಮೆ ಪರಿಶೀಲಿಸುವಂತೆ ಬರವಣಿಗೆಯಲ್ಲಿಯೇ ಕೇಳಿ. ಸಾರ ಕಂದು ಬಣ್ಣಕ್ಕೆ ತಿರುಗಿದ್ದರೆ ಅದರ ಒಂದು ಚಿತ್ರವನ್ನು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.